ಮಂಡಿನೋವೂ ಸೂಜಿಯ ವ್ಯಾಪಾರವೂ

ಹಮಾಲಿಯ ಮಂಡಿ ಸವೆಯುವುದು ಹಣೆಬರಹದಿಂದಲ್ಲ, ಹೊರೆಯಿಂದ. ದಿನವಿಡೀ ಬಗ್ಗಿ ನಾಟಿ ಹಾಕುವ ಹೆಣ್ಣಾಳಿನ ಸೊಂಟದ ಮಾತೂ ಅದೇ. ಇವರು ವೈದ್ಯರ ಬಳಿ ಹೋಗಿ, "ಒಂದು ಸೂಜಿ ಹಾಕಿ, ನಾಳೆ ಕೆಲಸಕ್ಕೆ ಹೋಗಬೇಕು" ಎನ್ನುತ್ತಾರೆ. ಇದು ಮೌಢ್ಯವಲ್ಲ, ಕೂಲಿ ತಪ್ಪಿದರೆ ಒಲೆ ಉರಿಯದೆಂಬ ಲೆಕ್ಕ. ಈ ಲೆಕ್ಕದ ಮೇಲೆ ವ್ಯಾಪಾರ ನಡೆಯಬಾರದೆಂಬುದೇ ನಮ್ಮ ವಾದ.

ಸೂಜಿಮದ್ದುಗಳ ನಿಜಸ್ಥಿತಿಯೇನು? ಸ್ಟಿರಾಯ್ಡ್ ಕೆಲವು ವಾರ ನೋವು ತಗ್ಗಿಸುತ್ತದೆ. ವೈದ್ಯಲೋಕ ಅದನ್ನು ಒಪ್ಪಿದೆ. ಆದರೆ 2017ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದರಲ್ಲಿ 140 ಮಂಡಿ ರೋಗಿಗಳ ಪೈಕಿ ಕೆಲವರಿಗೆ ಸ್ಟಿರಾಯ್ಡನ್ನೂ ಉಳಿದವರಿಗೆ ಬರಿಯ ಉಪ್ಪುನೀರನ್ನೂ ಮೂರು ತಿಂಗಳಿಗೊಮ್ಮೆ ಎರಡು ವರ್ಷ ಚುಚ್ಚಲಾಯಿತು. ಕೊನೆಗೆ ನೋವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸ್ಟಿರಾಯ್ಡ್ ಪಡೆದವರ ಮೃದ್ವಸ್ಥಿಯೇ ಹೆಚ್ಚು ಸವೆದಿತ್ತು.

ಸಡಿಲಾದ ಅಸ್ಥಿರಜ್ಜುಗಳು ಬಿಗಿಯಾಗುತ್ತವೆಂದು ಸಕ್ಕರೆದ್ರಾವಣ ಚುಚ್ಚುವ ಪ್ರೋಲೋಥೆರಪಿ ಇನ್ನೊಂದು. 1950ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾರ್ಜ್ ಹ್ಯಾಕೆಟ್ ಇದಕ್ಕೆ ಆ ಹೆಸರಿಟ್ಟು ಪ್ರಚಾರಕ್ಕೆ ತಂದರು. 2013ರಲ್ಲಿ 90 ಜನರ ಪರೀಕ್ಷೆಯೊಂದು ಗುಣ ಕಂಡಿತಾದರೂ ಪುರಾವೆ ಇನ್ನೂ ಸಾಲದು. ರೋಗಿಯ ರಕ್ತದಿಂದಲೇ ತೆಗೆದು ಚುಚ್ಚುವ ಪಿ.ಆರ್.ಪಿ. ಮತ್ತೊಂದು. 288 ಜನರ ಮೇಲೆ ನಡೆದ ಆಸ್ಟ್ರೇಲಿಯದ ಪರೀಕ್ಷೆ, ಒಂದು ವರ್ಷದ ನಂತರವೂ ಅದು ಉಪ್ಪುನೀರಿಗಿಂತ ಮೇಲಲ್ಲವೆಂದು 2021ರಲ್ಲಿ ತಿಳಿಸಿತು.

ಹಾಗಾದರೆ ಗಟ್ಟಿಯಾದ ಪುರಾವೆಯಿರುವುದು ಯಾವುದಕ್ಕೆ? ಕ್ರಮವಾದ ವ್ಯಾಯಾಮಕ್ಕೆ, ಹೆಚ್ಚಿದ ಮೈತೂಕ ಇಳಿಸುವುದಕ್ಕೆ. ಇವನ್ನು ಸೀಸೆಯಲ್ಲಿ ತುಂಬಿ ಮಾರಲಾಗದು. ಆದ್ದರಿಂದ ಇವಕ್ಕೆ ಜಾಹೀರಾತೂ ಇಲ್ಲ.

ವೈದ್ಯರ ಮೇಲೆ ನಮಗೆ ಹಗೆಯಿಲ್ಲ. ಆದರೆ "ವಿಶ್ರಾಂತಿ ತೆಗೆದುಕೊಳ್ಳಿ" ಎಂಬ ಸಲಹೆ ಯಾರಿಗೆ ದಕ್ಕುತ್ತದೆ? ಇ.ಎಸ್.ಐ. ವ್ಯವಸ್ಥೆ ವಿಮೆಯುಳ್ಳ ಕಾರ್ಮಿಕನಿಗೆ ಕಾಯಿಲೆಯ ದಿನಗಳಲ್ಲಿ ವೇತನದ ಒಂದು ಪಾಲನ್ನು ಕೊಡಿಸುತ್ತದೆ. ಗದ್ದೆಯ ಕೂಲಿಗೆ ಆ ಆಸರೆಯೂ ಇಲ್ಲ. ಆದ್ದರಿಂದಲೇ ಆತ ಸಾಲ ಮಾಡಿ ಸೂಜಿಗೆ ಮೈಯೊಡ್ಡುತ್ತಾನೆ.

ನಮ್ಮ ಬೇಡಿಕೆಗಳು ಸ್ಪಷ್ಟ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟರಿರಬೇಕು. ಚುಚ್ಚುವ ಮೊದಲು ಮದ್ದಿನ ಹೆಸರು, ಬೆಲೆ, ಅದರಿಂದಾಗುವ ಗುಣ ಮತ್ತು ಕೇಡುಗಳನ್ನು ರೋಗಿಗೆ ಕನ್ನಡದಲ್ಲಿ ಬರೆದುಕೊಡಬೇಕು. ಕೃಷಿ ಕೂಲಿಗಾರರಿಗೂ ಕಾಯಿಲೆಭತ್ಯೆ ಸಿಗಬೇಕು. ದುಡಿದು ಸವೆದ ಮಂಡಿಯ ಋಣ ಸಮಾಜದ ಮೇಲಿದೆ. ಅದನ್ನು ತೀರಿಸುವ ಹೊಣೆ ಕೂಲಿಕಾರನ ಜೇಬಿನದಲ್ಲ.