ಪೇಂಟಿನ ಮಿಂಚು ನೋಡಬ್ಯಾಡ್ರಿ, ಒಳಗಿನ ಬೆಸುಗೆ ನೋಡ್ರಿ: ಕಾರಿನ ಪತ್ರಾ ಬದಲಿಸುವಾಗ ಎಡವುವುದು ಎಲ್ಲಿ?

ಬೈಲಹೊಂಗಲ: ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಭಾಗದ ರಸ್ತೆಗಳ ಲೆಕ್ಕವೇ ಬೇರೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಎರಡೂ ಬದಿಗೆ ಚಾಚಿಕೊಂಡ ಕಬ್ಬು, ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಕತ್ತಲಲ್ಲಿ ಓವರ್‌ಟೇಕ್ ಮಾಡಲು ಹೋಗಿ ಕಾರಿನ ಮಗ್ಗುಲು ಉಜ್ಜಿಕೊಂಡರೆ ಮರುದಿನ ಮುಂಜಾನೆ ಗ್ಯಾರೇಜಿನ ಮುಂದೆ ನಿಂತು ನಾವು ಕೇಳುವುದು ಎರಡೇ ಮಾತು: "ಎಷ್ಟ್ ರೊಕ್ಕ ಆಕ್ಕೈತ್ರಿ ಮಿಸ್ತ್ರಿ? ಯಾವಾಗ ಕೊಡ್ತೀರಿ?"

ಮೂರನೇ ಮಾತು ಕೇಳುವವರು ಕಡಿಮೆ: "ಹೊಸಾ ಪತ್ರಾ ಹೆಂಗ ಕೂಡಸ್ತೀರಿ?"

ಆದರೆ ಮುಂದೆ ಮತ್ತೊಮ್ಮೆ ಅಪಘಾತವಾದರೆ ಒಳಗೆ ಕುಳಿತವರ ಜೀವ ನಿಂತಿರುವುದು ಈ ಮೂರನೇ ಮಾತಿನ ಮೇಲೆ. ಪೇಂಟ್ ಹೊಡೆದ ಮೇಲೆ ಒಳ್ಳೆಯ ಬೆಸುಗೆಯೂ ಕಾಣುವುದಿಲ್ಲ, ಕೆಟ್ಟ ಬೆಸುಗೆಯೂ ಕಾಣುವುದಿಲ್ಲ. ಕಾಣುವುದು ಮಿಂಚು ಮತ್ತು ರೇಟು. ಗಿರಾಕಿ ಅವೆರಡನ್ನೇ ನೋಡಿ ತೂಗಿದರೆ ನಿಯತ್ತಿನಿಂದ ಕೆಲಸ ಮಾಡುವ ಮಿಸ್ತ್ರಿ ದುಬಾರಿಯವನಾಗಿ ಕಾಣುತ್ತಾನೆ, ಪುಟ್ಟಿ ತುಂಬಿ ಕಳಿಸುವವನು ಅಗ್ಗದವನಾಗಿ ಕಾಣುತ್ತಾನೆ. ನಮ್ಮ ಪೇಟೆಯ ಸಮಸ್ಯೆ ಇರುವುದು ಇಲ್ಲಿ.

ಬೋಲ್ಟಿನ ಪತ್ರಾ ಬೇರೆ, ಬೆಸುಗೆಯ ಪತ್ರಾ ಬೇರೆ

ಕಾರಿನ ಬಾನೆಟ್, ಬಾಗಿಲು, ಡಿಕ್ಕಿ ಮತ್ತು ಹೆಚ್ಚಿನ ಕಾರುಗಳ ಮುಂದಿನ ಫೆಂಡರ್ ಬೋಲ್ಟಿನ ಮೇಲೆ ನಿಂತಿರುತ್ತವೆ. ಬಿಚ್ಚಿ ಹೊಸದು ಹಾಕಿ ಸಂದು ಸರಿಮಾಡಿದರೆ ಕೆಲಸ ಮುಗಿಯಿತು.

ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನಲ್, ಮೇಲ್ಛಾವಣಿ, ಬಾಗಿಲುಗಳ ನಡುವಿನ ಪಿಲ್ಲರ್, ಬಾಗಿಲ ಕೆಳಗಿನ ಉದ್ದ ಪಟ್ಟಿ, ತಳದ ಪತ್ರಾ ಹಾಗಲ್ಲ. ಇವು ಕಾರಿನ ಅಸ್ಥಿಪಂಜರಕ್ಕೆ ಬೆಸೆದುಕೊಂಡವು. ಕಾರ್ಖಾನೆಯಲ್ಲಿ ಒಂದು ಕಾರಿಗೆ ಸಾವಿರಾರು ಸ್ಪಾಟ್ ವೆಲ್ಡ್ ಬೀಳುತ್ತವೆ. ಹಳೆ ಜೀಪು, ಲಾರಿಗಳಿಗೆ ಕೆಳಗೆ ಬೇರೆ ಚಾಸಿಸ್ ಇರುತ್ತಿತ್ತು. ಇಂದಿನ ಹೆಚ್ಚಿನ ಸಣ್ಣ ಕಾರುಗಳಿಗೆ ಬಾಡಿಯೇ ಚಾಸಿಸ್. ಡಿಕ್ಕಿಯ ಹೊಡೆತವನ್ನು ಹೀರಿಕೊಂಡು ಕುಳಿತವರನ್ನು ಉಳಿಸುವುದು ಅದೇ ಬಾಡಿ.

ಇನ್ನೊಂದು ಮಾತು. ಎಲ್ಲಾ ಪತ್ರಾ ಒಂದೇ ಜಾತಿಯದಲ್ಲ. ಹೊರಗಿನ ಪತ್ರಾ ಸುಮಾರು 0.7 ಮಿ.ಮೀ. ದಪ್ಪದ ಮೆದು ಉಕ್ಕು. ಎಷ್ಟೋ ಹೊಸ ಕಾರುಗಳ ಪಿಲ್ಲರ್‌ ಒಳಗಿರುವುದು ಬೋರಾನ್ ಉಕ್ಕು. ಇದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಚ್ಚಿನಲ್ಲೇ ತಟ್ಟನೆ ತಣಿಸಿ ಮಾಡುತ್ತಾರೆ. ಮೆದು ಉಕ್ಕಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಇದನ್ನು ಗ್ಯಾಸ್ ಹಚ್ಚಿ ಕೆಂಪಗೆ ಕಾಯಿಸಿ ಬಡಿದು ನೆಟ್ಟಗೆ ಮಾಡಿದರೆ ಆಕಾರ ಬರುತ್ತದೆ, ಗಟ್ಟಿತನ ಹೋಗುತ್ತದೆ. ಇಂಥ ಭಾಗ ಬಾಗಿದರೆ ಕಂಪನಿ ಹೇಳಿದ ಜಾಗದಲ್ಲಷ್ಟೇ ಬಿಡಿಸಿ, ಹೊಸ ಭಾಗ ಹಾಕಬೇಕು.

ಕೆಲಸ ಹೆಂಗ ನಡೀಬೇಕು?

ಕ್ವಾರ್ಟರ್ ಪ್ಯಾನಲ್ ಬದಲಿಸುವುದನ್ನೇ ತೆಗೆದುಕೊಳ್ಳೋಣ.

ಮೊದಲು ಬ್ಯಾಟರಿ ಬಿಡಿಸಬೇಕು. ಇಲ್ಲವಾದರೆ ವೆಲ್ಡಿಂಗ್ ಕರೆಂಟು ಕಾರಿನ ಕಂಪ್ಯೂಟರ್, ಏರ್‌ಬ್ಯಾಗಿನ ಕಡೆ ಹರಿದು ಹಾಳುಮಾಡಬಹುದು. ಸೀಟು, ಮ್ಯಾಟು, ಪ್ಲಾಸ್ಟಿಕ್, ವೈರಿಂಗ್ ಹೊರಗೆ ಬರಬೇಕು. ಪೆಟ್ರೋಲ್ ಟ್ಯಾಂಕು, ಸಿಎನ್‌ಜಿ ಸಿಲಿಂಡರ್ ಹತ್ತಿರದ ಕೆಲಸವಾದರೆ ಅವನ್ನೂ ಇಳಿಸಬೇಕು. ಬೆಂಕಿ ನಂದಿಸುವ ಸಿಲಿಂಡರ್ ಕೈಯಳತೆಯಲ್ಲಿ ಇರಬೇಕು.

ಆಮೇಲೆ ಅಳತೆ. ಬಾಗಿಲ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಅಳೆದು, ಪೆಟ್ಟು ಬೀಳದ ಇನ್ನೊಂದು ಬದಿಗೆ ಹೋಲಿಸಬೇಕು. ಒಳಗಿನ ಅಸ್ಥಿ ಸೊಟ್ಟಗಿದ್ದರೆ ಮೊದಲು ಅದನ್ನು ಎಳೆದು ಸರಿಮಾಡಬೇಕು. ಸೊಟ್ಟ ಗೋಡೆಗೆ ಎಷ್ಟು ಚಂದದ ಬಾಗಿಲು ಕೂಡಿಸಿದರೂ ಅದು ಕಿರುಗುಟ್ಟುವುದು ಬಿಡುವುದಿಲ್ಲ.

ಹಳೆ ಪತ್ರಾವನ್ನು ಗ್ರೈಂಡರಿನಿಂದ ಅಡ್ಡಾದಿಡ್ಡಿ ಕತ್ತರಿಸುವುದು ಸುಲಭದ ಹಾದಿ. ಸರಿಯಾದ ಹಾದಿ ಎಂದರೆ ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಹುಡುಕಿ, ಮೇಲಿನ ಪತ್ರಾಕ್ಕೆ ಮಾತ್ರ ಡ್ರಿಲ್ ಹಾಕಿ, ಕೆಳಗಿನ ಪತ್ರಾ ತೂತಾಗದಂತೆ ಬಿಡಿಸುವುದು. ಹೊಸ ಪತ್ರಾವನ್ನು ಕ್ಲ್ಯಾಂಪ್ ಹಾಕಿ ಕೂಡಿಸಿ ಬಾಗಿಲು, ಡಿಕ್ಕಿ, ಲೈಟು ಎಲ್ಲಾ ಹಾಕಿ ಸಂದು ನೋಡಿದ ಮೇಲಷ್ಟೇ ಬೆಸುಗೆ.

ಬೆಸುಗೆಗೆ ಸ್ಪಾಟ್ ವೆಲ್ಡಿಂಗ್ ಮಷಿನ್ ಇದ್ದರೆ ಉತ್ತಮ. ಇಲ್ಲದಿದ್ದರೆ ಗ್ಯಾರೇಜಿನವರು ಸಿಓಟು ಅನ್ನುವ ಮಿಗ್ ವೆಲ್ಡಿಂಗ್, 0.6 ಅಥವಾ 0.8 ಮಿ.ಮೀ. ವೈರು. ಹೊಸ ಪತ್ರಾದ ಅಂಚಿಗೆ ಸುಮಾರು 8 ಮಿ.ಮೀ. ತೂತು ಹಾಕಿ ಆ ತೂತಿನ ಮೂಲಕ ಕೆಳಗಿನ ಪತ್ರಾಕ್ಕೆ ಬೆಸೆಯುತ್ತಾರೆ. ಎರಡು ಪತ್ರಾ ಸೇರುವ ಮುಖಕ್ಕೆ ಬೆಸುಗೆಗೆ ಮುಂಚೆಯೇ ಸತುವಿನ ಪ್ರೈಮರ್ ಬಳಿಯಬೇಕು. ಮುಗಿದ ಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ, ತುಕ್ಕು ಮಾತ್ರ ಹೋಗುತ್ತದೆ. ಉದ್ದ ಗೆರೆ ಬೆಸೆಯುವಾಗ ಒಂದೇ ಉಸಿರಿಗೆ ಎಳೆಯಬಾರದು. ಇಲ್ಲಿ ಒಂದು ಚುಕ್ಕೆ, ಅಲ್ಲಿ ಒಂದು ಚುಕ್ಕೆ, ನಡುವೆ ಆರಲು ಬಿಡಬೇಕು. ಅವಸರ ಮಾಡಿದರೆ ತೆಳು ಪತ್ರಾ ಹಪ್ಪಳದಂತೆ ಉಬ್ಬುತ್ತದೆ. ಉಬ್ಬು ಮುಚ್ಚಲು ಪುಟ್ಟಿ, ಪುಟ್ಟಿ ಮುಚ್ಚಲು ಪೇಂಟು.

ಕೊನೆಗೆ ಸಂದುಗಳಿಗೆ ಸೀಲರ್, ಟೊಳ್ಳು ಭಾಗಕ್ಕೆ ಮೇಣದಂಥ ತುಕ್ಕು ನಿರೋಧಕ. ಆಮೇಲಷ್ಟೇ ಪೇಂಟು.

ತಪ್ಪುವುದು ಎಲ್ಲಿ?

ಗೇಟು, ಗ್ರಿಲ್ಲು, ಟ್ರೇಲರ್ ಮಾಡುವ ರಾಡಿನ ಆರ್ಕ್ ವೆಲ್ಡಿಂಗ್ ಕಾರಿನ ಪತ್ರಾಕ್ಕೆ ಹೊಂದುವುದಿಲ್ಲ. ತೆಳು ಪತ್ರಾ ಸುಟ್ಟು ತೂತಾಗುತ್ತದೆ, ಅಕ್ಕಪಕ್ಕದ ಪತ್ರಾ ಪೆಡಸಾಗುತ್ತದೆ. ಗ್ಯಾಸ್ ವೆಲ್ಡಿಂಗ್‌ನಲ್ಲಿ ಕಾವು ಅಗಲವಾಗಿ ಹರಡಿ ಪತ್ರಾ ಸೊಟ್ಟಗಾಗುತ್ತದೆ. ಟ್ರ್ಯಾಕ್ಟರ್ ಟ್ರೇಲರ್ ಬೆಸೆಯುವುದರಲ್ಲಿ ನಮ್ಮ ತಾಲೂಕಿನ ವೆಲ್ಡರುಗಳ ಕೈ ಗಟ್ಟಿ. ಆದರೆ ಅದು ದಪ್ಪ ಕಬ್ಬಿಣದ ವಿದ್ಯೆ, ಇದು ತೆಳು ಪತ್ರಾದ ವಿದ್ಯೆ.

ನಮ್ಮ ಎರೆಮಣ್ಣಿನ ಊರುಗಳಲ್ಲಿ ಇನ್ನೊಂದು ಕಾಟ. ಮಳೆಗಾಲದಲ್ಲಿ ಹೊಲದ ಹಾದಿಯಲ್ಲಿ ಓಡಾಡಿದ ಕಾರಿನ ಚಕ್ರದ ಗೂಡಿನಲ್ಲಿ, ಬಾಗಿಲ ಕೆಳಗಿನ ಪಟ್ಟಿಯ ಸಂದಿಯಲ್ಲಿ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ನೀರು ಇಳಿಯುವ ತೂತು ಮುಚ್ಚುತ್ತದೆ, ತೇವ ನಿಲ್ಲುತ್ತದೆ, ಪತ್ರಾ ಒಳಗಿನಿಂದ ತಿಂದು ಹೋಗುತ್ತದೆ. ಆಗ ತುಕ್ಕು ತೆಗೆಯದೆ ಅದರ ಮೇಲೇ ಹೊಸ ಪತ್ರಾ ತುಂಡು ಹೊದಿಸಿ ಬೆಸೆದರೆ ಒಂದೆರಡು ಮಳೆಗಾಲ ಚಂದ ಕಾಣುತ್ತದೆ. ಒಳಗೆ ತುಕ್ಕು ತನ್ನ ಕೆಲಸ ಬಿಟ್ಟಿರುವುದಿಲ್ಲ.

ಡಲ್ಲಾಸ್‌ನ ಒಂದು ಹೋಂಡಾ ಹೇಳುವ ಪಾಠ

ಇದು ಬರೀ ಹೆದರಿಸುವ ಮಾತು ಅನ್ನುವವರಿಗೆ ಅಮೆರಿಕದ ಒಂದು ಪ್ರಕರಣ. ನಮ್ಮಲ್ಲಿ ಜಾಝ್ ಹೆಸರಿನಲ್ಲಿ ಮಾರಾಟವಾದ ಹೋಂಡಾ ಕಾರು ಅಲ್ಲಿ ಫಿಟ್. 2010ರ ಮಾಡೆಲ್‌ನ ಒಂದು ಫಿಟ್ ಕಾರಿನ ಮೇಲ್ಛಾವಣಿ ಆಲಿಕಲ್ಲಿಗೆ ತಗ್ಗುಬಿದ್ದಿತ್ತು. ಡಲ್ಲಾಸ್‌ನ ಬಾಡಿ ಶಾಪ್ ಒಂದು ಹೊಸ ಛಾವಣಿ ಕೂಡಿಸಿತು. ಕಂಪನಿಯ ಸೂಚನೆ ಬೆಸೆಯಬೇಕು ಎಂದಿತ್ತು, ಶಾಪಿನವರು ಅಂಟು ಹಚ್ಚಿ ಕೂಡಿಸಿದ್ದರು. ಇದು ಗೊತ್ತಿಲ್ಲದೆ ದಂಪತಿಯೊಬ್ಬರು ಆ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡರು. 2013ರಲ್ಲಿ ಅಪಘಾತವಾಗಿ ಇಬ್ಬರೂ ತೀವ್ರ ಗಾಯಗೊಂಡರು. 2017ರಲ್ಲಿ ಜ್ಯೂರಿ ಆ ಶಾಪಿನ ಮೇಲೆ 3.15 ಕೋಟಿ ಡಾಲರ್ ಹೊಣೆ ಹೊರಿಸಿತು.

ಗಮನಿಸಬೇಕಾದದ್ದು, ರಿಪೇರಿ ಮಾಡಿಸಿದವರು ಒಬ್ಬರು, ಪೆಟ್ಟು ತಿಂದವರು ಇನ್ನೊಬ್ಬರು. ಬೆಳಗಾವಿ, ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಕಾರು ತರುವ ನಮ್ಮವರು ಇದನ್ನು ಮರೆಯಬಾರದು.

ವಿಮೆಯ ಲೆಕ್ಕ ಹೀಗಿದೆ

"ಇನ್ಶೂರೆನ್ಸ್ ಐತಲ್ಲ, ಎಲ್ಲಾ ಅವರ ಕೊಡ್ತಾರ" ಅನ್ನುವುದು ಅರ್ಧ ಸತ್ಯ. ಸಾಮಾನ್ಯ ಪಾಲಿಸಿಯಲ್ಲಿ ಲೋಹದ ಬಿಡಿಭಾಗಕ್ಕೆ ಕಾರಿನ ವಯಸ್ಸಿನ ಪ್ರಕಾರ ಸವಕಳಿ ಕಡಿತ ಇರುತ್ತದೆ: 6 ತಿಂಗಳೊಳಗೆ ಇಲ್ಲ, 1 ವರ್ಷದವರೆಗೆ ಶೇ 5, 2 ವರ್ಷದವರೆಗೆ ಶೇ 10, 3ಕ್ಕೆ ಶೇ 15, 4ಕ್ಕೆ ಶೇ 25, 5ಕ್ಕೆ ಶೇ 35, 10 ವರ್ಷದವರೆಗೆ ಶೇ 40, ಅದರಾಚೆ ಶೇ 50. ಪ್ಲಾಸ್ಟಿಕ್, ರಬ್ಬರಿಗೆ ಶೇ 50. ಪೇಂಟಿಂಗ್ ಒಟ್ಟು ಬಿಲ್ಲಿನಲ್ಲಿ ಶೇ 25 ಭಾಗವನ್ನು ಬಣ್ಣದ ಖರ್ಚು ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ. ಕೂಲಿಗೆ ಸವಕಳಿ ಇಲ್ಲ.

ಒಂದು ಕಾಲ್ಪನಿಕ ಬಿಲ್ ಹಿಡಿಯೋಣ. 6 ವರ್ಷದ ಸಣ್ಣ ಕಾರು. ಪ್ಯಾನಲ್ 12,000, ಕೂಲಿ 8,000, ಪೇಂಟಿಂಗ್ 10,000, ಒಟ್ಟು 30,000 ರೂ. ಪ್ಯಾನಲ್‌ಗೆ ಸಿಗುವುದು 7,200, ಕೂಲಿಗೆ 8,000, ಪೇಂಟಿಂಗ್‌ಗೆ 8,750. ಇದರಲ್ಲಿ 1,500 ಸಿಸಿ ಒಳಗಿನ ಕಾರಿನ ಕಡ್ಡಾಯ ಕಡಿತ 1,000 ಕಳೆದರೆ ಕೈಗೆ ಬರುವುದು 22,950. ನಮ್ಮ ಜೇಬಿನಿಂದ 7,050. ಅದರ ಜೊತೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಹೀಗಾಗಿ ಐದಾರು ಸಾವಿರದ ಸಣ್ಣ ತಗ್ಗಿಗೆ ಕ್ಲೇಮ್ ಮಾಡುವುದು ಹಲವು ಸಲ ನಷ್ಟದ ವ್ಯವಹಾರ. ಬೆಸುಗೆಯ ದೊಡ್ಡ ಕೆಲಸಕ್ಕೆ ಮಾಡದೇ ಇರುವುದೂ ನಷ್ಟವೇ. ಜೀರೋ ಡೆಪ್ ಪಾಲಿಸಿ ಇದ್ದವರಿಗೆ ಸವಕಳಿ ಕಡಿತ ತಪ್ಪುತ್ತದೆ.

ಕ್ಯಾಶ್‌ಲೆಸ್ ಬೇಕೆಂದರೆ ಕಂಪನಿ ಹೇಳಿದ ವರ್ಕ್‌ಶಾಪಿಗೇ ಹೋಗಬೇಕು. ಮೊದಲು ನಾವು ರೊಕ್ಕ ಕೊಟ್ಟು ಆಮೇಲೆ ಪಡೆಯುವ ಪದ್ಧತಿಯಲ್ಲಿ ಊರಿನ ಗ್ಯಾರೇಜಿನಲ್ಲೂ ಮಾಡಿಸಬಹುದು. ಶರತ್ತು ಇಷ್ಟೇ: ಕಾರು ಬಿಚ್ಚುವ ಮೊದಲು ವಿಮಾ ಕಂಪನಿಗೆ ತಿಳಿಸಬೇಕು, ಸರ್ವೇಯರ್ ನೋಡಬೇಕು, ಅಚ್ಚುಕಟ್ಟಾದ ಬಿಲ್ ಇರಬೇಕು. ಊರ ಗ್ಯಾರೇಜುಗಳು ಗಿರಾಕಿ ಕಳೆದುಕೊಳ್ಳುವುದು ಬಹಳ ಸಲ ಈ ಬಿಲ್ಲಿನ ಸಲುವಾಗಿ. ಹಾಳೆಯ ಚೂರಿನ ಮೇಲೆ ಬರೆದ "ಒಟ್ಟು 18,000" ಯಾವ ಸರ್ವೇಯರಿಗೂ ನಡೆಯುವುದಿಲ್ಲ.

ಊರ ಮಿಸ್ತ್ರಿಗೆ ಬಾಗಿಲು ತೆರೆದಿದೆಯೇ?

ಒರಿಜಿನಲ್ ಬಿಡಿಭಾಗ ಮತ್ತು ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೆ ಸಿಗುವುದಿಲ್ಲ ಎಂಬುದು ಹಳೆ ದೂರು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ವಿಷಯದಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂ.ಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹಾದಿ ಹಿಡಿದವು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರುಮಾಡಿತು. ಅದರಲ್ಲಿ ಕಾರು, ಬೈಕು, ಕೃಷಿ ಯಂತ್ರಗಳೂ ಇವೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಎಲ್ಲಾ ಬಿಡಿಭಾಗಕ್ಕೂ ಶೇ 18 ಜಿಎಸ್‌ಟಿ. ಮೊದಲು ಶೇ 28 ಇದ್ದ 10,000 ರೂ. ಮೂಲ ಬೆಲೆಯ ಭಾಗ 12,800 ಬೀಳುತ್ತಿತ್ತು, ಈಗ 11,800 ಆಗಬೇಕು. ಬಿಡಿಭಾಗ ಕೊಳ್ಳುವಾಗ ಬಿಲ್ ನೋಡಿ ಕೇಳ್ರಿ.

ಅಂದರೆ ಕಾನೂನು, ತೆರಿಗೆ ನಿಧಾನವಾಗಿ ಊರ ಗ್ಯಾರೇಜಿನ ಕಡೆ ವಾಲುತ್ತಿವೆ. ಹಿಂದೆ ಬಿದ್ದಿರುವುದು ಕೈಕಸುಬು ಮತ್ತು ಸಲಕರಣೆ. ಬಿಡದಿಯಲ್ಲಿ ಟೊಯೋಟಾ 2007ರಿಂದ ನಡೆಸುತ್ತಿರುವ ತರಬೇತಿ ಸಂಸ್ಥೆಯಲ್ಲಿ ಕಾರಿನ ವೆಲ್ಡಿಂಗ್ ಒಂದು ಪ್ರತ್ಯೇಕ ವಿಭಾಗ. ಜಾಗತಿಕ ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಯಲ್ಲಿ ಕಾರಿನ ಬಾಡಿ ರಿಪೇರಿಯೂ ಒಂದು ಸ್ಪರ್ಧೆ. ನಮ್ಮ ಕಡೆ ಈ ಕೆಲಸವನ್ನು ಇನ್ನೂ "ಡೆಂಟಿಂಗ್-ಪೇಂಟಿಂಗ್" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಹುಡುಗರು ಕಲಿಯುವುದು ಉಸ್ತಾದರ ಬೆನ್ನಹಿಂದೆ ನಿಂತು. 2022ರಲ್ಲಿ ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿತು. ಈಗಾಗಲೇ ಗ್ಯಾರೇಜಿನಲ್ಲಿ ದುಡಿಯುವವರಿಗೆ ಇಂಥ ಕಡೆ ವಾರಾಂತ್ಯದ ಹತ್ತು-ಹದಿನೈದು ದಿನದ ತೆಳು ಪತ್ರಾ ಬೆಸುಗೆ ತರಬೇತಿ ಸಿಕ್ಕರೆ ಅದರ ಲಾಭ ನೇರ ತಾಲೂಕಿಗೆ. ನಮ್ಮ ಶಾಸಕರು, ಗ್ಯಾರೇಜ್ ಮಾಲೀಕರು ಕೂಡಿ ಕೇಳಬೇಕಾದ ಬೇಡಿಕೆ ಇದು.

ಕಾರು ಬಿಡುವ ಮೊದಲು ಇಷ್ಟು ಕೇಳ್ರಿ

1. ಯಾವ ವೆಲ್ಡಿಂಗ್? "ಸಿಓಟು" ಅಥವಾ "ಸ್ಪಾಟ್" ಅಂದರೆ ಸರಿ. ರಾಡ್ ಅಂದರೆ ಬೇರೆ ಕಡೆ ನೋಡ್ರಿ.

2. ಹಳೆ ಪತ್ರಾದ ಚೂರಿನ ಮೇಲೆ ಒಂದು ಟೆಸ್ಟ್ ಬೆಸುಗೆ ಹಾಕಿಸಿ ಉಳಿ ಇಟ್ಟು ಬಿಡಿಸಲು ಹೇಳ್ರಿ. ಬೆಸುಗೆ ಉಳಿದು ಪತ್ರಾ ಹರಿದರೆ ಗಟ್ಟಿ. ಬೆಸುಗೆಯೇ ಕಿತ್ತು ಬಂದರೆ ಮಷಿನ್ ಸೆಟ್ಟಿಂಗ್ ಸರಿ ಇಲ್ಲ.

3. ಬೆಸುಗೆ ಮುಗಿದು ಪುಟ್ಟಿ ಹಚ್ಚುವ ಮೊದಲು ಫೋನ್ ಮಾಡಲು ಹೇಳ್ರಿ. ಹೋಗಿ ನೋಡ್ರಿ, ಫೋಟೋ ತೆಗೀರಿ. ಕಾರು ಮಾರುವಾಗ ಆ ಫೋಟೋಕ್ಕೆ ಬೆಲೆ ಇದೆ.

4. ಹಳೆ ಪತ್ರಾ ತೋರಿಸಲು ಹೇಳ್ರಿ. ಬಿಲ್ಲಿನಲ್ಲಿ ಪ್ಯಾನಲ್, ಕೂಲಿ, ಪೇಂಟು ಬೇರೆ ಬೇರೆ ಬರೆಸ್ರಿ.

5. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಹಿಡೀರಿ. ಕಬ್ಬಿಣದ ಪತ್ರಾ ಇರುವ ಕಡೆ ಹಿಡಿಯದಿದ್ದರೆ ಕೆಳಗೆ ದಪ್ಪ ಪುಟ್ಟಿ ಇರಬಹುದು. ಬಾಗಿಲ ರಬ್ಬರ್ ಎತ್ತಿ ಸ್ಪಾಟ್ ವೆಲ್ಡಿನ ಗುಂಡು ಗುರುತು ನೋಡ್ರಿ. ಎರಡೂ ಬದಿ ಒಂದೇ ಥರ ಇರಬೇಕು.

6. ಚಾಸಿಸ್ ನಂಬರ್ ಕೊರೆದ ಭಾಗಕ್ಕೆ ಕೈಹಚ್ಚಬೇಕಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸ್ರಿ. ನಂಬರ್ ಅಳಿಸಿಹೋದರೆ ಮುಂದೆ ಕಾರು ಮಾರುವುದೇ ಕಷ್ಟ.

ಇಷ್ಟು ಕೇಳಿದರೆ ಮಿಸ್ತ್ರಿ ಸಿಟ್ಟಾಗುತ್ತಾನೆ ಅನ್ನುವ ಅಂಜಿಕೆ ಬ್ಯಾಡ. ಕೆಲಸ ಬಲ್ಲವನಿಗೆ ಇದು ಖುಷಿಯ ಮಾತು. ತನ್ನ ಬೆಸುಗೆ ಪೇಂಟಿನ ಕೆಳಗೆ ಮುಚ್ಚಿಹೋಗುವ ಮುಂಚೆ ಒಬ್ಬರಾದರೂ ನೋಡಿದರು ಅನ್ನುವ ಸಮಾಧಾನ ಅವನಿಗೆ. ಅಂಥವನು ಎರಡು ಸಾವಿರ ಹೆಚ್ಚು ಕೇಳಿದರೆ ಕೊಡ್ರಿ. ಆ ಬೆಸುಗೆಯ ಹಿಂದೆ ಕುಳಿತುಕೊಳ್ಳುವವರು ನಮ್ಮ ಮನೆಯ ಮಂದಿ.