ಕಾಗಕ್ಕ ಗುಬ್ಬಕ್ಕನ ಜೊತೆ ಒಂದು ವಾರದ ಅಕ್ಷರಪಾಠ

ಐದು ವರ್ಷದ ಮಗು 'ಅ ಆ ಇ ಈ' ಅಂತ ಶುರು ಮಾಡಿ 'ಳ'ವರೆಗೆ 49 ಅಕ್ಷರಗಳನ್ನೂ ಒಂದೇ ಉಸಿರಿಗೆ ಹೇಳುತ್ತದೆ. ನೆಂಟರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಆಮೇಲೆ 'ಗಿಳಿ' ಅಂತ ಬರೆದು ತೋರಿಸಿ, ಸುಮ್ಮನೆ ನಮ್ಮ ಮುಖ ನೋಡುತ್ತದೆ! ಇಂಗ್ಲಿಷ್ ಮೀಡಿಯಂ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಕನ್ನಡ ಇಲ್ಲಿಗೇ ನಿಂತುಬಿಡುತ್ತದೆ. ಮಾತು ಬರುತ್ತೆ, ಓದು ಬರಲ್ಲ. ಅಜ್ಜಿ ಬರೆದ ನಾಲ್ಕು ಸಾಲನ್ನು ಮೊಮ್ಮಗುವಿಗೆ ಬೇರೆಯವರು ಓದಿ ಹೇಳಬೇಕಾಗುತ್ತದೆ.

ವರ್ಣಮಾಲೆ ಬಾಯಿಪಾಠ ಆಗುವುದು ತಪ್ಪಲ್ಲ. ಆದರೆ ಓದು ಹುಟ್ಟುವುದು ಕಿವಿಯಲ್ಲಿ. ಹಾಗಾಗಿ ಈ ಸಲ ಪುಸ್ತಕ ಬದಿಗಿಟ್ಟು ಒಂದೇ ಒಂದು ಕಥೆ ಹಿಡಿಯೋಣ. ಎಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕನ ಕಥೆ. ದಿನಕ್ಕೆ ಹದಿನೈದು ನಿಮಿಷ ಸಾಕು.

ಈ ಕಥೆಯೇ ಯಾಕೆ? ಇದರ ಮುಖ್ಯ ಪದಗಳನ್ನು ನೋಡಿ: ಕಾಗೆ, ಗುಬ್ಬಿ, ಮನೆ, ಮಣ್ಣು, ಕಲ್ಲು, ಮಳೆ, ಬಾಗಿಲು, ಮಗು. ಎಂಟು ಪದಗಳಿಗೆ ಬೇಕಾಗಿರುವುದು ಎಂಟೇ ವ್ಯಂಜನ: ಕ, ಗ, ಬ, ಮ, ನ, ಣ, ಲ, ಳ. ಒಂದೂ ಮಹಾಪ್ರಾಣ ಇಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲೂ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಕಲಿತ ಮಗು ಕೂಡಲೇ 'ಸರ', 'ಅರಸ', 'ಗರಗಸ' ಓದಿಬಿಡುತ್ತದೆ. ನಮ್ಮದೂ ಅದೇ ದಾರಿ.

ಮೊದಲ ಎರಡು ದಿನ: ಬರೀ ಕಥೆ. ಪೆನ್ಸಿಲ್ ಮುಟ್ಟಬೇಡಿ. ಕಾಗೆ ಬಾಗಿಲು ತಟ್ಟುವ ಕಡೆ ನೀವು ನಿಲ್ಲಿಸಿ, ಮುಂದಿನ ಮಾತು ಮಗುವೇ ಹೇಳಲಿ. ಗುಬ್ಬಿ ಯಾಕೆ ತಕ್ಷಣ ಬಾಗಿಲು ತೆಗೀಲಿಲ್ಲ? ನೀನಾಗಿದ್ದರೆ ಏನು ಮಾಡ್ತಿದ್ದೆ? ಹೀಗೆ ಮಾತಾಡಿಸಿ.

ಮೂರನೇ ದಿನ: ಚಪ್ಪಾಳೆ ಆಟ. ಕಾ-ಗೆ ಎರಡು ಚಪ್ಪಾಳೆ, ಬಾ-ಗಿ-ಲು ಮೂರು. ಮಗು 'ಬಾಗ್ಲು' ಅಂದು ಎರಡೇ ತಟ್ಟಿದರೆ ಬೈಯಬೇಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ 'ಮನಿ', 'ಮಳಿ' ಅಂತಲೇ ಬರುತ್ತದೆ. "ನಾವು ಹಿಂಗಂತೀವಿ, ಬರೆಯುವಾಗ ಹೀಗೆ ಬರೀತೀವಿ" ಅಂದರೆ ಆಯಿತು. ಮನೆಮಾತನ್ನು ತಪ್ಪು ಅಂದರೆ ಮಗು ಬಾಯಿ ತೆರೆಯುವುದನ್ನೇ ನಿಲ್ಲಿಸುತ್ತದೆ.

ನಾಲ್ಕನೇ ದಿನ: ಕಿವಿ ಪರೀಕ್ಷೆ. ಮನೆ–ಮಣೆ, ಬಳೆ–ಬಾಳೆ, ಬೆಲೆ–ಬೆಳೆ. ಎರಡೂ ಒಂದೇನಾ, ಬೇರೆನಾ? ಕಣ್ಣು ಮುಚ್ಚಿ ಕೇಳಿ ಹೇಳಲಿ. ನ–ಣ, ಲ–ಳ ವ್ಯತ್ಯಾಸ ಕಿವಿಗೆ ಬೀಳದಿದ್ದರೆ ಕೈಗೂ ಬರುವುದಿಲ್ಲ. 'ಣ', 'ಳ' ಹೇಳುವಾಗ ನಾಲಿಗೆ ಹಿಂದಕ್ಕೆ ಮಡಚುವುದನ್ನು ಕನ್ನಡಿ ಮುಂದೆ ತೋರಿಸಿ. ಮಕ್ಕಳಿಗೆ ಭಾರಿ ಖುಷಿ.

ಐದನೇ ದಿನ: ಈಗ ಅಕ್ಷರ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಟು ಪದಗಳನ್ನು ದಪ್ಪಗೆ ಬರೆಯಿರಿ. 'ಗ' ಎಲ್ಲೆಲ್ಲಿದೆ ಹುಡುಕಲಿ. ಕಾಗೆಯಲ್ಲಿ ಗೆ, ಗುಬ್ಬಿಯಲ್ಲಿ ಗು, ಬಾಗಿಲಿನಲ್ಲಿ ಗಿ. ಅಕ್ಷರ ಒಂದೇ, ಚಿಹ್ನೆ ಬದಲಾದರೆ ದನಿ ಬದಲು. ಕಾಗುಣಿತದ ಗುಟ್ಟು ಇಷ್ಟೇ. ಒತ್ತಕ್ಷರವನ್ನೂ ಇಲ್ಲೇ ಪರಿಚಯಿಸಿ. ಗುಬ್ಬಿಯ ಒತ್ತು ಪುಟಾಣಿ 'ಬ'ದಂತೆಯೇ ಇದೆ, ಆದರೆ ಕಲ್ಲಿನ ಒತ್ತು 'ಲ'ದಂತೆ ಕಾಣುವುದಿಲ್ಲ. ಅದನ್ನು ಬೇರೆಯಾಗಿಯೇ ತೋರಿಸಬೇಕು.

ಆರನೇ ದಿನ: ಅಸಲಿ ಪರೀಕ್ಷೆ. ಕಥೆಯಲ್ಲಿ ಇಲ್ಲದ, ಆದರೆ ಇದೇ ಅಕ್ಷರ, ಚಿಹ್ನೆಗಳಿಂದಾಗುವ ಪದ ಕೊಡಿ: ಗಿಳಿ, ನಗು, ನಾಳೆ, ಕಾಲು, ಬೆಲ್ಲ, ಬೆಣ್ಣೆ. ಯಾರೂ ಹೇಳಿಕೊಡದ ಪದವನ್ನು ಮಗು ತಡವರಿಸಿಯಾದರೂ ಓದಿತು ಅಂದರೆ ಅದು ಬಾಯಿಪಾಠ ಅಲ್ಲ, ಓದು. ಬರಲಿಲ್ಲವೇ? ಚಪ್ಪಾಳೆ ಆಟಕ್ಕೆ ವಾಪಸ್ ಹೋಗಿ. ಅವಸರ ಯಾರಿಗೂ ಇಲ್ಲ.

ಏಳನೇ ದಿನ: ಮಗು ಕಥೆ ಹೇಳಲಿ, ನೀವು ಬರೆಯಿರಿ. ಅದು ಹೇಳಿದ್ದನ್ನು ಹೇಳಿದ ಹಾಗೇ. ಆಮೇಲೆ ಬೆರಳಿಟ್ಟು ಓದಿ ತೋರಿಸಿ. ತನ್ನ ಮಾತೇ ಕಾಗದದ ಮೇಲೆ ಕೂತಿದೆ ಅಂತ ಗೊತ್ತಾದಾಗ ಅಕ್ಷರದ ಮೇಲಿನ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ನಿಮ್ಮ ಮನೆಯ ಕಥೆಯಲ್ಲಿ ಕಾಗೆಯದು ಸಗಣಿ ಮನೆಯಾದರೆ 'ಸ' ಒಂದು ಹೆಚ್ಚುವರಿ ಸಿಕ್ಕಿತು ಅಂದುಕೊಳ್ಳಿ. ಮುಂದಿನ ವಾರಕ್ಕೆ ಇನ್ನೊಂದು ಕಥೆ ಆರಿಸುವಾಗ ಪದಗಳ ಪಟ್ಟಿ ಮಾಡಿ, ಹೊಸ ಅಕ್ಷರ ನಾಲ್ಕೈದಕ್ಕಿಂತ ಹೆಚ್ಚಿರದಂತೆ ನೋಡಿಕೊಳ್ಳಿ. ಹಳೆಯ ಎಂಟರ ಜೊತೆ ಅವೂ ಸೇರಿದರೆ ಓದಬಹುದಾದ ಪದಗಳು ಎಷ್ಟಾಗುತ್ತವೆ ಅಂತ ಮಗುವಿನ ಜೊತೆಗೇ ಕೂತು ಎಣಿಸಿ.