ಮುಖವನ್ನು ಅಡವಿಡಬೇಡಿ



ನನ್ನ ಮಗಳ ಮಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮೊದಲ ವರ್ಷಕ್ಕೆ ಸೇರಿ ನಮ್ಮ ಮನೆಯಲ್ಲಿಯೇ ಇದ್ದಾನೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಬಹಳ ಹೊತ್ತು ಗಲ್ಲ ಸವರಿಕೊಳ್ಳುತ್ತ ನಿಂತಿದ್ದು, ಕೊನೆಗೆ ಸಂಕೋಚದಿಂದ, "ಅಜ್ಜ, ನನಗೊಂದು ರೇಜರ್ ಬೇಕಿತ್ತು" ಎಂದ. ಸಂಜೆ ಇಬ್ಬರೂ ಮಂಡಿಪೇಟೆಯ ಕಡೆ ಹೋಗಿ ದೊಡ್ಡದೊಂದು ಅಂಗಡಿಯನ್ನು ಹೊಕ್ಕೆವು. ಅಂಗಡಿಯ ಹೆಸರು ಬೇಡ. ಅಲ್ಲಿನ ಹುಡುಗ ನಮ್ಮೆದುರು ತಂದಿಟ್ಟದ್ದು ಐದು ಅಲಗುಗಳುಳ್ಳ, ರಾಕೆಟ್ಟಿನ ಮೂತಿಯಂಥ ಒಂದು ಪ್ಲಾಸ್ಟಿಕ್ ವಸ್ತು. "ಸಾದಾ ಸೇಫ್ಟಿ ರೇಜರ್ ಇಲ್ಲವೇನಪ್ಪಾ?" ಎಂದು ಕೇಳಿದೆ. ಅವನು ನಕ್ಕು, "ಅಜ್ಜಾರೆ, ಅದೆಲ್ಲ ಹಳೇ ಕಾಲದ್ದು. ಹುಡುಗ ಮುಖ ಕುಯ್ಕೊಂಡಾನು" ಎಂದ. ಮೊಮ್ಮಗನೂ ಅವನ ಜೊತೆ ನಕ್ಕ.

ಆ ಎರಡು ನಗುಗಳಿಗೆ ಉತ್ತರವಾಗಿ ಈ ಬರಹ.

ಅಂಗಡಿಯಲ್ಲಿಯೇ ನಾನು ಬದಲಿ ತಲೆಗಳ ಬೆಲೆಯನ್ನು ವಿಚಾರಿಸಿದೆ. ನಾಲ್ಕು ತಲೆಗಳ ಪೊಟ್ಟಣಕ್ಕೆ ಸಾವಿರಕ್ಕೆ ಸ್ವಲ್ಪ ಕಡಿಮೆ. ಒಂದಕ್ಕೆ ಇನ್ನೂರ ನಲವತ್ತು ಎಂದಿಟ್ಟುಕೊಳ್ಳೋಣ. ಒಂದು ತಲೆ ಮೂರು ವಾರ ಬಾಳಿದರೆ ವರ್ಷಕ್ಕೆ 17 ಬೇಕು, ಅಂದರೆ 4,080 ರೂಪಾಯಿ. ನಾನು ಬಳಸುವ ಇಬ್ಬದಿಯ ಬ್ಲೇಡು ಒಂದಕ್ಕೆ ನಾಲ್ಕು ರೂಪಾಯಿ ಬೀಳುತ್ತದೆ. ವಾರಕ್ಕೊಂದರಂತೆ ವರ್ಷಕ್ಕೆ 208. ಈ ಲೆಕ್ಕವನ್ನು ಏಳನೆಯ ತರಗತಿಯವನೂ ಮಾಡಬಲ್ಲ. ಇಂಜಿನಿಯರಿಂಗ್ ಓದುವವನು ಮಾಡಲಿಲ್ಲ. ಮಾಡಿ ತೋರಿಸಿದಾಗ, "ಅಷ್ಟೇನೂ ದೊಡ್ಡ ಮೊತ್ತವಲ್ಲ ಅಜ್ಜ" ಎಂದ. ಅವನ ತಾಯಿ ತಿಂಗಳ ಕೊನೆಯಲ್ಲಿ ಹೇಗೆ ಕೈ ಬಿಗಿಹಿಡಿಯುತ್ತಾಳೆಂಬುದು ಅವನಿಗೆ ಗೊತ್ತಿಲ್ಲದ್ದಲ್ಲ.

ಆದರೆ ನನ್ನ ತಕರಾರು ದುಡ್ಡಿನದು ಮಾತ್ರವಲ್ಲ. ಸಾಮಾನ್ಯವಾಗಿ ಒಂದು ಕಂಪನಿಯ ತಲೆ ಇನ್ನೊಂದು ಕಂಪನಿಯ ಹಿಡಿಗೆ ಕೂಡುವುದಿಲ್ಲ. ಎಷ್ಟೋ ಸಲ ಅದೇ ಕಂಪನಿಯ ಬೇರೆ ಮಾದರಿಗೂ ಕೂಡುವುದಿಲ್ಲ. ಹಿಡಿಯನ್ನು ಕೊಂಡ ದಿನವೇ ನಿಮ್ಮ ಗಲ್ಲವನ್ನು ಒಬ್ಬ ವರ್ತಕನಿಗೆ ಅಡವಿಟ್ಟಂತೆ. ಅವನು ಬೆಲೆಯೇರಿಸಿದರೆ ಕೊಡಬೇಕು, ಆ ಮಾದರಿಯನ್ನು ನಿಲ್ಲಿಸಿದರೆ ಹಿಡಿಯನ್ನು ತಿಪ್ಪೆಗೆಸೆಯಬೇಕು. ಬಡ್ಡಿಯ ವ್ಯವಹಾರದಲ್ಲಾದರೂ ಪತ್ರ ಬರೆದುಕೊಳ್ಳುತ್ತಾರೆ.

ಅಗ್ಗದ ತಲೆಗಳೂ ಇವೆಯಲ್ಲ ಎಂದು ನೀವು ಕೇಳಬಹುದು. ಇವೆ. 2010ರಲ್ಲಿ ಜಿಲೆಟ್ ಕಂಪನಿಯೇ ನಮ್ಮ ದೇಶಕ್ಕೆಂದು 'ಗಾರ್ಡ್' ಎಂಬ ರೇಜರನ್ನು 15 ರೂಪಾಯಿಗೂ ಅದರ ತಲೆಯನ್ನು 5 ರೂಪಾಯಿಗೂ ಮಾರುಕಟ್ಟೆಗೆ ತಂದಿತು. ಒಂದೇ ಅಲಗಿನ ಸರಳ ಸಾಧನ, ಕೆಟ್ಟದ್ದೇನಲ್ಲ. ಬೆಲೆ ಕಡಿಮೆಯಾಯಿತೇ ಹೊರತು ಬೀಗ ಬೀಗವಾಗಿಯೇ ಉಳಿಯಿತು.

ಈ ಬೀಗದ ಚರಿತ್ರೆ ಸ್ವಾರಸ್ಯವಾಗಿದೆ. ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕನ್ನನಿಗೆ ಎಸೆಯಬಹುದಾದ ತೆಳು ಬ್ಲೇಡಿನ ಆಲೋಚನೆ ಹೊಳೆದದ್ದು 1895ರಲ್ಲಿ. ಅದನ್ನು ತಯಾರಿಸುವ ಬಗೆಯನ್ನು ಕಂಡುಕೊಂಡವನು ನಿಕರ್ಸನ್ ಎಂಬ ಯಂತ್ರಜ್ಞ. 1903ರಲ್ಲಿ, ಮಾರಾಟದ ಮೊದಲ ವರ್ಷ, ಖರ್ಚಾದದ್ದು 51 ರೇಜರು ಮತ್ತು 168 ಬ್ಲೇಡು. 1904ರಲ್ಲಿ ಪೇಟೆಂಟು ದೊರೆಯಿತು. ರೇಜರಿನ ಬೆಲೆ ಆಗ ಐದು ಡಾಲರು, ದುಡಿಮೆಗಾರನಿಗೆ ಹಲವು ದಿನಗಳ ಕೂಲಿ. ಪೇಟೆಂಟಿನ ಅವಧಿ 1921ರಲ್ಲಿ ಮುಗಿದಾಗ ಬೀಗ ಕಳಚಿತು. ಯಾರು ಬೇಕಾದರೂ ಬ್ಲೇಡು ಮಾಡಬಹುದಾಯಿತು. 1930ರ ಸುಮಾರಿಗೆ ನಡುವೆ ಉದ್ದನೆಯ ಸೀಳಿರುವ ಈಗಿನ ರೂಪ ನೆಲೆಗೊಂಡು ಜಗತ್ತಿಗೆಲ್ಲ ಒಂದೇ ಅಳತೆಯಾಯಿತು. ನಮ್ಮಲ್ಲಿ ಟೋಪಾಜ್, ಭಾರತ್, ಪನಾಮ, ಸೆವೆನ್ ಓ ಕ್ಲಾಕ್ ಎಂದು ಎಷ್ಟೊಂದು ಹೆಸರುಗಳು! ಯಾವ ಬ್ಲೇಡನ್ನು ಯಾವ ರೇಜರಿಗಾದರೂ ಹಾಕಿ, ಕೂಡುತ್ತದೆ. ಕಳೆದುಕೊಂಡ ಬೀಗವನ್ನು ಮರಳಿ ಹಾಕಲು ಕಂಡುಕೊಂಡ ಹಾದಿಯೇ ಅಲಗುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಹೂತಿಡುವ ತಲೆ ಎಂಬುದು ನನ್ನ ದೃಢ ಅಭಿಪ್ರಾಯ. 1971ರಲ್ಲಿ ಎರಡು ಅಲಗು, 1998ರಲ್ಲಿ ಮೂರು, 2003ರಲ್ಲಿ ಇನ್ನೊಂದು ಕಂಪನಿಯಿಂದ ನಾಲ್ಕು, 2006ರಲ್ಲಿ ಐದು. ಗಡ್ಡ ಮಾತ್ರ ಅಂದಿನದೇ.

"ಹಳೇ ಕಾಲದ್ದು" ಎಂದ ಆ ಹುಡುಗ ಒಮ್ಮೆ ತನ್ನ ಅಂಗಡಿಯ ಹಿಂದಿನ ಓಣಿಗೆ ಹೋಗಿ ನೋಡಲಿ. ದಾವಣಗೆರೆಯ ಯಾವ ಕಟಿಂಗ್ ಶಾಪಿನಲ್ಲಿಯಾದರೂ ಗಿರಾಕಿಯೊಬ್ಬ ಕುಳಿತೊಡನೆ ಇದೇ ಇಬ್ಬದಿಯ ಬ್ಲೇಡನ್ನು ಕಾಗದದೊಳಗೇ ಮುರಿದು, ಅರ್ಧವನ್ನು ಹಿಡಿಗೆ ಸಿಕ್ಕಿಸಿ ಕೆಲಸ ಪ್ರಾರಂಭಿಸುತ್ತಾರೆ. ಏಡ್ಸ್ ಭೀತಿ ಹಬ್ಬಿದ ಕಾಲದಲ್ಲಿ ಮಸೆಯುವ ಕತ್ತಿಗಳು ಹಿಂದೆ ಸರಿದು ಈ ಕ್ರಮ ಬೇರೂರಿತು. ದಿನನಿತ್ಯ ಊರಿಗೆ ಊರೇ ಬಳಸುವ ವಸ್ತು ಹಳೆಯ ಕಾಲದ್ದು ಹೇಗಾದೀತು?

ಇನ್ನು ಎದುರು ಪಾಳಯದವರ ಸರದಿ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಈ ಬರಹದ ವಿಷಯ ತಿಳಿದು ಬಹಳ ಸಂತೋಷಪಟ್ಟ. ಅವನ ಬಳಿ ವಿದೇಶದ ಆರು ರೇಜರುಗಳಿವೆ, ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ ಯಾವುದೋ ಪ್ರಾಣಿಯ ರೋಮದ ಬ್ರಶ್ಶಿದೆ, ಅದನ್ನು ನೇತುಹಾಕಲು ಬೆಳ್ಳಿ ಬಣ್ಣದ ಗಳುವಿದೆ. ಇದನ್ನವನು 'ಸಾಂಪ್ರದಾಯಿಕ ಕ್ಷೌರ' ಎಂದು ಕರೆಯುತ್ತಾನೆ. ನಮ್ಮ ಸಂಪ್ರದಾಯ ಯಾವುದೆಂದು ಅವನಿಗೂ ತಿಳಿದಿರಲಿ.

ಹರಿಹರದ ಬಳಿ, ತುಂಗಭದ್ರೆಯ ದಂಡೆಯ ನಮ್ಮ ಹಳ್ಳಿಯಲ್ಲಿ ನಾನು ಬಾಲಕನಾಗಿದ್ದಾಗ ಕ್ಷೌರವೆಂದರೆ ಹಿತ್ತಿಲ ಬೇವಿನ ಮರದ ನೆರಳು. ಹನ್ನೆರಡು ಆಯಗಾರರಲ್ಲಿ ಒಬ್ಬರಾದ ಹಿರಿಯರೊಬ್ಬರು ಚರ್ಮದ ಚೀಲದೊಡನೆ ಹಿಂಬಾಗಿಲಿನಿಂದ ಬರುತ್ತಿದ್ದರು. ಅಜ್ಜ ಮಣೆಯ ಮೇಲೆ, ಅವರು ಬರಿನೆಲದ ಮೇಲೆ. ಅವರಿಗೆಂದೇ ಬೇರೆ ತಂಬಿಗೆ. ಕ್ಷೌರ ಮುಗಿದ ಮೇಲೆ ಸ್ನಾನವಾಗುವವರೆಗೆ ಅಜ್ಜ ನಮ್ಮನ್ನು ಮುಟ್ಟುತ್ತಿರಲಿಲ್ಲ. ಕೂಲಿ ಸುಗ್ಗಿಯಲ್ಲಿ, ಕಣದಲ್ಲಿ, ಮೊರದಲ್ಲಿ ಅಳೆದು ಹಾಕಿದಷ್ಟು ಜೋಳ. ಹರಿತವಾದ ಕತ್ತಿಯ ಕೆಳಗೆ ಕೊರಳನ್ನು ನಿಶ್ಚಿಂತೆಯಿಂದ ಒಪ್ಪಿಸುತ್ತಿದ್ದ ಮನುಷ್ಯ, ಆ ಕತ್ತಿ ಹಿಡಿದವರನ್ನು ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಸಂಜೆ ಜಗಲಿಯ ಮೇಲೆ ಕುಳಿತು ಬಸವಣ್ಣನವರ ಜೊತೆಗೆ ಹಡಪದ ಅಪ್ಪಣ್ಣನವರ ಹೆಸರನ್ನೂ ಭಕ್ತಿಯಿಂದ ಹೇಳುತ್ತಿದ್ದವರೂ ಅವರೇ. ಇವೆರಡೂ ಒಂದೇ ತಲೆಯೊಳಗೆ ಹೇಗೆ ಇದ್ದವೋ ನನಗೆ ಇಂದಿಗೂ ಅರ್ಥವಾಗಿಲ್ಲ.

1955ರ ಸುಮಾರಿಗೆ ನನ್ನ ತಂದೆ ಹರಿಹರದ ಪೇಟೆಯಿಂದ ಒಂದು ಸೇಫ್ಟಿ ರೇಜರನ್ನು ತಂದು, "ನನ್ನ ಗಡ್ಡ ನಾನೇ ತೆಗೆದುಕೊಳ್ಳುತ್ತೇನೆ" ಎಂದರು. ಮನೆಯಲ್ಲಿ ಅದೊಂದು ಸಣ್ಣ ದಂಗೆ. ತಂದೆಯವರು ಭಾಷಣ ಮಾಡುವವರಲ್ಲ. ಹಿತ್ತಿಲ ಆ ನಾಟಕದಲ್ಲಿ ಪಾತ್ರ ವಹಿಸುವುದನ್ನು ನಿಲ್ಲಿಸಿದರು, ಅಷ್ಟೆ. ಇದರಿಂದ ಆ ಹಿರಿಯರಿಗೆ ಒಂದು ಮನೆಯ ಜೋಳ ಕಡಿಮೆಯಾಯಿತೆಂಬುದೂ ಸತ್ಯ, ಅದನ್ನು ಮರೆಮಾಚಲಾರೆ. ಅವರ ಮಗ ಮುಂದೆ ಹರಿಹರದ ರೈಲು ನಿಲ್ದಾಣದ ಬಳಿ ಕುರ್ಚಿ, ಕನ್ನಡಿಗಳನ್ನಿಟ್ಟು ಸ್ವಂತ ಅಂಗಡಿ ತೆರೆದ. ಅಲ್ಲಿ ಕುರ್ಚಿಯ ಮೇಲೆ ಕುಳಿತವರು ಯಾರೇ ಆಗಲಿ ನಗದು ಕೊಟ್ಟು ಏಳಬೇಕಿತ್ತು. ಆದ್ದರಿಂದ ಸೇಫ್ಟಿ ರೇಜರು ನನ್ನ ಪಾಲಿಗೆ ಸಂಪ್ರದಾಯವಲ್ಲ, ಸಂಪ್ರದಾಯವೊಂದರಿಂದ ಹೊರಬಂದ ಬಾಗಿಲು. ಅದನ್ನು ಗಾಜಿನ ಕಪಾಟಿನ ಅಲಂಕಾರವಾಗಿಸುವವರ ಬಗ್ಗೆಯೂ ನನಗೆ ಅಸಮಾಧಾನವಿದೆ.

1966ರಲ್ಲಿ ಅದೇ ರೇಜರಿನಿಂದ ನನ್ನ ಮೊದಲ ಕ್ಷೌರ ನಡೆಯಿತು. ಅದರ ತಲೆ ಹಿತ್ತಾಳೆಯದು, ಹಿಡಿ ಪ್ಲಾಸ್ಟಿಕ್ಕಿನದು. ಹಿಡಿ ಸೀಳಿಹೋದಾಗ ನಾನು ದಾವಣಗೆರೆಯಲ್ಲಿ ಮೇಷ್ಟ್ರಾಗಿದ್ದೆ. ಹರಿಹರದ ಯಂತ್ರಪುರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದಾದ್ಯಂತ ಹೋಗುತ್ತಿದ್ದವೆಂಬುದು ನಿಮಗೆ ಗೊತ್ತು. ಅಲ್ಲಿ ಕೆಲಸ ಕಲಿತು, ಆಮೇಲೆ ಹರಿಹರದಲ್ಲಿಯೇ ಸಣ್ಣದೊಂದು ಲೇತ್ ಅಂಗಡಿ ಹಾಕಿದ್ದ ನನ್ನ ಶಿಷ್ಯನೊಬ್ಬ (ಎಪ್ಪತ್ನಾಲ್ಕರ ತಂಡದವರು ಊಹಿಸಬಲ್ಲಿರಿ) ತಲೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಸಾರ್, ಇದು ಸಾದಾ ತಿರುಪು. ನಾಳೆ ಬನ್ನಿ" ಎಂದ. ಮರುದಿನ ಹಿತ್ತಾಳೆಯ ಸರಳನ್ನು ಕಡೆದು, ಜಾರದಂತೆ ಮೈಮೇಲೆ ಗೀರು ಹಾಕಿ ಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ, ಭೌತಶಾಸ್ತ್ರದಲ್ಲಿ ನಾನು ಕೊಟ್ಟ ಮೂವತ್ತೈದು ಅಂಕಗಳ ಬಾಬ್ತು ಎಂದ. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ನಿಂತುಹೋಯಿತು. ಶಿಷ್ಯನೂ ಈಗಿಲ್ಲ. ಹಿಡಿ ಇವತ್ತು ಬೆಳಿಗ್ಗೆಯೂ ನನ್ನ ಕೈಯಲ್ಲಿತ್ತು. ಐದು ಅಲಗಿನ ಆ ರಾಕೆಟ್ಟನ್ನು ಯಾವ ಲೇತಿಗೆ ಕೊಂಡೊಯ್ದು ರಿಪೇರಿ ಮಾಡಿಸುತ್ತೀರಿ?

ಮುಖ ಕುಯ್ಯುತ್ತದೆಯೇ? ಮೊದಲ ಕೆಲವು ದಿನ ಒಂದೆರಡು ಗೀರು ಬಿದ್ದೀತು, ಸೈಕಲ್ ಕಲಿಯುವಾಗ ಮೊಣಕಾಲಿಗೆ ಆದಷ್ಟೂ ಅಲ್ಲ. ಬಹುಪಾಲು ಗಾಯಗಳಿಗೆ ಕಾರಣ ಒತ್ತುವುದು. ಪ್ಲಾಸ್ಟಿಕ್ಕಿನ ಹಗುರ ಹಿಡಿ ಒತ್ತುವುದನ್ನೇ ಕಲಿಸಿರುತ್ತದೆ. ಲೋಹದ ರೇಜರಿನ ತೂಕವೇ ಕೆಲಸ ಮಾಡುತ್ತದೆ. ನೀವು ದಾರಿ ತೋರಿಸಿದರೆ ಸಾಕು. ಮೊದಲ ರೇಜರು ಮೂರು ತುಂಡುಗಳದ್ದಾಗಿರಲಿ: ಮುಚ್ಚಳ, ತಟ್ಟೆ, ಹಿಡಿ. ಚಿಟ್ಟೆಯ ರೆಕ್ಕೆಯಂತೆ ತೆರೆದುಕೊಳ್ಳುವವು ನೋಡಲು ಚೆಂದ, ಆದರೆ ಸಂದುಗಳಲ್ಲಿ ಸೋಪು ಕೂತು ಬಿಗಿಯುತ್ತದೆ. ಬಾಚಣಿಗೆಯ ಹಲ್ಲುಗಳಂಥ ಅಂಚಿರುವುದು ಹೊಸಬರಿಗೆ ಬೇಡ, ನೇರ ಅಂಚಿನದು ಸಾಕು. ಬ್ರಶ್ಶಿಗೆ ಪ್ರಾಣಿಯ ಜೀವ ಬೇಕಿಲ್ಲ, ನೈಲಾನಿನದೂ ನೊರೆ ಕೊಡುತ್ತದೆ.

ನೊರೆಗಿಂತ ಮೊದಲು ನೀರು. ಕೂದಲು ನೀರು ಕುಡಿದಷ್ಟೂ ಮೆತ್ತಗಾಗುತ್ತದೆ. ಎರಡು ಮೂರು ನಿಮಿಷ ಬಿಸಿನೀರಿನಿಂದ ಮುಖ ನೆನೆಸಿದರೆ ಅರ್ಧ ಕೆಲಸ ಮುಗಿದಂತೆ. ನಮ್ಮೂರಿನ ಬಡಾವಣೆಗಳವರಿಗೆ ಇನ್ನೊಂದು ಮಾತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೊರೆ ಬರದೆ ಮೊಸರೊಡೆದಂತಾಗುತ್ತದೆ, ಅದು ಸೋಪಿನ ತಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪಾಠವನ್ನು ನೆನಪಿಸಿಕೊಳ್ಳಿ. ಕುಂದುವಾಡ ಕೆರೆಯಿಂದ ಬರುವ ನಲ್ಲಿಯ ನೀರನ್ನು ಒಂದು ತಂಬಿಗೆ ಎತ್ತಿಟ್ಟುಕೊಳ್ಳಿ. ರೇಜರನ್ನು ಚರ್ಮಕ್ಕೆ ಮೂವತ್ತು ಡಿಗ್ರಿಯಷ್ಟು ಓರೆಯಾಗಿ ಹಿಡಿದು ಕೂದಲು ಬೆಳೆದ ದಿಕ್ಕಿನಲ್ಲಿಯೇ ಎಳೆಯಿರಿ. ಮತ್ತೆ ನೊರೆ ಹಚ್ಚಿ ಬೇಕಾದರೆ ಅಡ್ಡಲಾಗಿ. ಎದುರು ದಿಕ್ಕಿಗೆ ಮೊದಲ ತಿಂಗಳು ಹೋಗಲೇಬೇಡಿ. ತೀರ ಬುಡಕ್ಕೆ ಕತ್ತರಿಸಿದ ಗುಂಗುರು ಕೂದಲು ಚರ್ಮದೊಳಗೇ ಬಾಗಿ ಬೆಳೆದು ಗುಳ್ಳೆಯೆಬ್ಬಿಸುವುದುಂಟು. ಒಂದರ ಹಿಂದೊಂದು ಹೆರೆಯುವ ಅಲಗುಗಳು ಈ ತೊಂದರೆಯನ್ನು ಹೆಚ್ಚಿಸಬಲ್ಲವು.

ಬ್ಲೇಡನ್ನು ಐದಾರು ಕ್ಷೌರಕ್ಕೆ ಬದಲಿಸಿ. ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೃದುವಾದ ಕೂದಲು ಕೆಲವು ಕೋನಗಳಲ್ಲಿ ಅಲಗಿನ ಚೂರನ್ನೇ ಎಬ್ಬಿಸಿಬಿಡುತ್ತದೆಂದು ಅಮೆರಿಕದ ಎಂಐಟಿಯ ವಿಜ್ಞಾನಿಗಳು 2020ರಲ್ಲಿ ತೋರಿಸಿದರು. ಇನ್ನೂರ ನಲವತ್ತು ರೂಪಾಯಿ ಕೊಟ್ಟವನು ಅಂಥ ಮುಕ್ಕಾದ ಅಲಗನ್ನೂ ಎರಡು ತಿಂಗಳು ಎಳೆಯುತ್ತಾನೆ. ನಾಲ್ಕು ರೂಪಾಯಿಯದನ್ನು ಬದಲಿಸಲು ಯಾರಿಗೂ ಸಂಕಟವಾಗದು.

ಎದುರಾಳಿಗಳ ಬಾಯಿಗೆ ನಾನೇ ಒಂದು ಅಸ್ತ್ರವನ್ನು ಕೊಡಬೇಕಾಗಿದೆ. ವಿಮಾನದ ಕೈಚೀಲದಲ್ಲಿ ಈ ಬ್ಲೇಡನ್ನು ಒಯ್ಯುವಂತಿಲ್ಲ ಎಂಬುದಲ್ಲ, ಅದು ಸಣ್ಣದು. 1994ರಲ್ಲಿ ಒಂದು ಬೆಳಿಗ್ಗೆ, ಕಾಗದದಲ್ಲಿ ಸುತ್ತಿ ನಾನು ಕಸಕ್ಕೆ ಹಾಕಿದ್ದ ಬ್ಲೇಡು ನಮ್ಮ ಬೀದಿ ಗುಡಿಸುವ ತಾಯಿಯ ಅಂಗೈಯನ್ನು ಸೀಳಿತು. ಅವರು ಬೈಯಲಿಲ್ಲ. ಸೀರೆಯ ಸೆರಗನ್ನು ಕೈಗೆ ಸುತ್ತಿಕೊಂಡು, "ಮೇಷ್ಟ್ರೇ, ನೀವೂ ಹಿಂಗೇ ಹಾಕಿದ್ರೆ ಹೆಂಗ್ರೀ?" ಎಂದರು. ಆಸ್ಪತ್ರೆಗೆ ಕರೆದೊಯ್ದು ಹೊಲಿಗೆ ಹಾಕಿಸಿದೆ. ವಾರವಿಡೀ ಅವರು ಎಡಗೈಯಲ್ಲಿ ಪೊರಕೆ ಹಿಡಿದರು. ಮಕ್ಕಳಿಗೆ ಶುಚಿತ್ವದ ಪಾಠ ಹೇಳುತ್ತಿದ್ದ ನನಗೆ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಅಂದಿನಿಂದ ಮುಚ್ಚಳಕ್ಕೆ ಸೀಳು ಕೊರೆದ ಹಾಲಿನ ಪುಡಿಯ ಡಬ್ಬಿಯೊಂದು ಬಚ್ಚಲಿನ ಗೂಡಿನಲ್ಲಿದೆ. ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗ; ವರ್ಷದ 52 ಬ್ಲೇಡುಗಳನ್ನು ಒತ್ತಿಟ್ಟರೆ ಸುಮಾರು ಐದು ಮಿಲಿಮೀಟರು. ಡಬ್ಬಿ ತುಂಬಲು ಎಷ್ಟೋ ವರ್ಷ ಬೇಕು. ತುಂಬಿದಾಗ ಸೀಳನ್ನು ಮುಚ್ಚಿ ಬೆಸುಗೆ ಹಾಕಿಸಿ, ಒಳಗೇನಿದೆಯೆಂದು ಹೇಳಿ ಅವರ ಕೈಗೆ ಕೊಡುತ್ತೇನೆ. ಈ ಡಬ್ಬಿಯನ್ನು ಇಡಲಾರದವರು ದಯವಿಟ್ಟು ಸೇಫ್ಟಿ ರೇಜರನ್ನು ಕೊಳ್ಳಬೇಡಿ. ಆ ರಾಕೆಟ್ಟನ್ನೇ ಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಮೊಮ್ಮಗನ ರೇಜರು ಕೊನೆಗೆ ಸಿಕ್ಕಿದ್ದು ಕಟಿಂಗ್ ಶಾಪುಗಳಿಗೆ ಸಾಮಾನು ಪೂರೈಸುವ ಒಂದು ಕಿರಿದಾದ ಅಂಗಡಿಯಲ್ಲಿ. ಮಾಲೀಕರು ಧೂಳೊರೆಸಿ ಕೊಟ್ಟರು. ಭಾನುವಾರ ಬೆಳಿಗ್ಗೆ ಅವನ ಮೊದಲ ಕ್ಷೌರಕ್ಕೆ ನಲವತ್ತು ನಿಮಿಷ ಹಿಡಿಯಿತು. ನೊರೆ ಕಿವಿಯೊಳಗೂ ಹೋಗಿತ್ತು. ಗದ್ದದ ಕೆಳಗೆ ಒಂದು ಗೀರು, ಮೀಸೆಯ ಅಂಚಿನಲ್ಲಿ ಇನ್ನೊಂದು. ಪಟಿಕ ಸವರಿದಾಗ "ಹಾ!" ಎಂದು ಕೂಗಿದ್ದಕ್ಕೆ ಅವನ ಅಜ್ಜಿ ಅಡುಗೆಮನೆಯಿಂದ ಓಡಿಬಂದು ನನ್ನನ್ನು ಬೈದಳು. ಮುಂದಿನ ಶನಿವಾರ ಅವನು ಬ್ಲೇಡು ಕಳಚಿ, ಕೈಯಲ್ಲಿ ಹಿಡಿದುಕೊಂಡು, "ಅಜ್ಜ, ಡಬ್ಬಿ ಎಲ್ಲಿ?" ಎಂದು ಕೇಳಿದ. ಪಟಿಕದ ತುಂಡು ಮಾತ್ರ ಬಚ್ಚಲಿನಲ್ಲಿ ಬಿದ್ದು ಒಡೆದಿದೆ. ಈ ಸಂಜೆ ಇನ್ನೊಂದನ್ನು ತರಬೇಕು.